ಕೊಡದ ನಡೆ

ನಮ್ಮೂರಿನಲ್ಲಿ ನನ್ನಷ್ಟು ಸೂಕ್ಷ್ಮ ಕಿವಿ ಇನ್ನೊಬ್ಬರಿಗಿಲ್ಲ ಎಂದು ಜನ ಹೇಳುತ್ತಿದ್ದರು. ಈಗಲೂ ಹೇಳುತ್ತಾರೆ, ಆದರೆ ನಾನು ಓಣಿಯ ಮೂಲೆ ತಿರುಗಿದ ಮೇಲೆ, ಬೇರೆ ದನಿಯಲ್ಲಿ. ಇಪ್ಪತ್ತೆಂಟು ವರ್ಷ ಮನೆಮನೆಗೆ ಹೋಗಿ ಕೊಡಗಳ ನಡೆ ಕೇಳಿದವಳು ನಾನು. ಎಷ್ಟು ಜನರನ್ನು ಹೊತ್ತಿಗೆ ಸರಿಯಾಗಿ ಗುಡ್ಡಕ್ಕೆ ಕಳಿಸಿ ಉಳಿಸಿದೆನೋ ನೆನಪಿಲ್ಲ. ನಾನು ಕಳಿಸದೆ ಕೈಬಿಟ್ಟದ್ದು ಒಬ್ಬಳನ್ನೇ. ಅವಳು ನನ್ನ ಒಡಹುಟ್ಟಿದ ತಂಗಿ ಮುದ್ದಮ್ಮ. ಅವಳ ಕೊಡ ತೂಗುತ್ತಿದ್ದದ್ದು ನಾನು ಮಲಗುವ ಚಾಪೆಯ ನೇರ ಮೇಲೆ.

ನಮ್ಮಲ್ಲಿ ಮಗು ಹುಟ್ಟಿದ ದಿನ ಸೋದರಮಾವ ಒಂದು ತಾಮ್ರದ ಕೊಡ ತಂದು ತೊಲೆಗೆ ಬೋರಲಾಗಿ ತೂಗುಹಾಕುತ್ತಾನೆ. ಮಗು ಮೊದಲ ಸಲ ಹಾಲು ಕುಡಿಯುವ ಹೊತ್ತಿಗೆ ಕೊಡ ಗುಂಯ್‌ಗುಡಲು ಶುರುಮಾಡುತ್ತದೆ. ಒಂದೇ ಸಮನೆ ಅಲ್ಲ. ದನಿ ಉಬ್ಬುತ್ತದೆ, ತಗ್ಗುತ್ತದೆ, ಮತ್ತೆ ಉಬ್ಬುತ್ತದೆ. ಆ ಉಬ್ಬುತಗ್ಗಿನ ವೇಗಕ್ಕೆ ನಾವು ನಡೆ ಅನ್ನುತ್ತೇವೆ. ಎಳೆಗೂಸಿನ ಕೊಡದ ನಡೆ ಎಷ್ಟು ಚುರುಕೆಂದರೆ ಉಬ್ಬು ಯಾವುದು ತಗ್ಗು ಯಾವುದು ಎಂದು ಕಿವಿಗೆ ಬಿಡಿಸಿ ಹೇಳಲಾಗದು. ಜರಡಿಯಲ್ಲಿ ರಾಗಿ ಆಡಿಸಿದ ಹಾಗೆ ದನಿಯೆಲ್ಲ ತರಿತರಿ. ಮಗು ಬೆಳೆದಂತೆ ಆ ತರಿ ಬಿಡಿಬಿಡಿಯಾಗುತ್ತ ಬಂದು, ಹದಿನೆಂಟು ಇಪ್ಪತ್ತರ ಹೊತ್ತಿಗೆ ಕೊಡ ಒಂದು ನಡೆಗೆ ನಿಲ್ಲುತ್ತದೆ. ಆಮೇಲೆ ವರ್ಷಗಟ್ಟಲೆ ಅದೇ ನಡೆ. ಕೇಳಬಹುದು, ಎಣಿಸಲಾಗದು. ಒಂದು, ಎರಡು ಎಂದು ಎಣಿಸಲು ಬರುವಷ್ಟು ನಿಧಾನವಾಯಿತೆಂದರೆ ಅದಕ್ಕೆ ಎಣಿಕೆಗೆ ಬಂತು ಅನ್ನುತ್ತೇವೆ. ಎಣಿಕೆಗೆ ಬಂದ ಕೊಡದ ಮನೆಯ ಅಡುಗೆಯನ್ನು ಅಂದಿನಿಂದ ನೆರೆಯವರು ಮಾಡಿಕೊಡುತ್ತಾರೆ, ಕೊಡದ ಸದ್ದೂ ಆ ಮನುಷ್ಯನ ಉಸಿರೂ ಒಟ್ಟಿಗೆ ನಿಲ್ಲುವವರೆಗೆ.

ನಿಂತ ನಡೆಯಿಂದ ಎಣಿಕೆಗೆ ಬರುವ ಮೊದಲು ಒಂದಷ್ಟು ಕಾಲವಿರುತ್ತದೆ. ಕೊಡ ಕೇಳುವ ನಮ್ಮಂಥ ಕಿವಿಯವರು ಇರುವುದೇ ಆ ಕಾಲಕ್ಕಾಗಿ. ನಡೆ ಮೊದಲ ಸಲ ಸ್ವಲ್ಪ ಜಾರಿದಾಗಲೇ ಹಿಡಿದರೆ ಆ ಮನುಷ್ಯನನ್ನೂ ಕೊಡವನ್ನೂ ಗುಡ್ಡದ ಬಿಡಾರಕ್ಕೆ ಸಾಗಿಸುತ್ತಾರೆ. ಹತ್ತೋ ಹದಿನೈದೋ ದಿನಕ್ಕೆ ಕೊಡ ತನ್ನ ನಡೆಗೆ ಮರಳುತ್ತದೆ, ಮನುಷ್ಯನೂ ಮರಳುತ್ತಾನೆ. ಹಿಡಿಯುವುದು ತಡವಾದರೆ ಗುಡ್ಡ ಏನೂ ಮಾಡುವುದಿಲ್ಲ.

ಆದ್ದರಿಂದ ಕಿವಿಯವರ ಕಟ್ಟುಪಾಡು ಬಿಗಿ. ಒಂದು ಮನೆಯ ಕೊಡವನ್ನು ಒಮ್ಮೆ ಕೇಳಿದರೆ ಮತ್ತೆ ನಲವತ್ತು ದಿನ ಆ ಮನೆಯ ಹೊಸ್ತಿಲು ತುಳಿಯಬಾರದು. ಸರದಿಗೆ ಹೊರಡುವ ಮೊದಲು ಹತ್ತಿಯ ಕೋಣೆಯಲ್ಲಿ ಎರಡು ಗಳಿಗೆ ಕೂತು ಕಿವಿ ತೊಳೆದುಕೊಳ್ಳಬೇಕು. ಗೋಡೆಗೂ ಸೂರಿಗೂ ಹತ್ತಿ ಮೆತ್ತಿದ ಕತ್ತಲೆ ಕೋಣೆ ಅದು, ಒಳಗೆ ಕೂತರೆ ನಮ್ಮ ಎಂಜಲು ನುಂಗಿದ ಸದ್ದೇ ದೊಡ್ಡದು. ನಮ್ಮ ಸ್ವಂತ ಕೊಡಗಳು ಆ ಕೋಣೆಯ ಹೊರಗಿನ ಜಗಲಿಯಲ್ಲಿ ಸಾಲಾಗಿ ತೂಗುತ್ತವೆ, ಅವುಗಳನ್ನು ಕೇಳಲು ಪಕ್ಕದ ಪೇಟೆಯ ಕಿವಿಯವರು ಬರುತ್ತಾರೆ. ಎಲ್ಲಕ್ಕಿಂತ ಮುಖ್ಯವಾದ ಕಟ್ಟು ಇನ್ನೊಂದಿತ್ತು. ರಕ್ತಸಂಬಂಧಿಯ ಕೊಡ ಕೇಳಬಾರದು.

ನನಗೆ ಈ ಕೆಲಸ ಕಲಿಸಿದವರು ಕರಿಬಸಜ್ಜ. ನಮ್ಮವ್ವ ಸತ್ತ ವರ್ಷವೇ ನಾನು ಅವರ ಕೋಣೆಗೆ ಹೋಗಿ ಕೂತೆ. ನನಗಾಗ ಹದಿಮೂರು, ಮುದ್ದಿಗೆ ಮೂರು. ಅವ್ವನ ಕೊಡ ಕೇಳುತ್ತಿದ್ದವನು ಒಂದು ಸರದಿ ತಪ್ಪಿಸಿ ಯಾವುದೋ ಮದುವೆಗೆ ಹೋಗಿದ್ದ. ಬಂದು ನೋಡಿದರೆ ಎಣಿಕೆಗೆ ಬಂದಿತ್ತು. ಅಂಥ ತಪ್ಪು ನನ್ನಿಂದ ಆಗಬಾರದೆಂದು ಹಲ್ಲು ಕಚ್ಚಿ ಕಲಿತೆ. ಅಜ್ಜನ ಹತ್ತಿರ ಯಾರದೂ ಅಲ್ಲದ ಒಂದು ಕೊಡವಿತ್ತು. ಅದಕ್ಕೆ ಉಬ್ಬುತಗ್ಗಿರಲಿಲ್ಲ, ಸುಮ್ಮನೆ ಗುಂಯ್‌ಗುಡುತ್ತಿತ್ತು. ಅದರ ಬಾಯಿಗೆ ತಾಳೆಗರಿಯ ರೆಕ್ಕೆ ಕಟ್ಟಿದ ಚಕ್ರ ಹಿಡಿದು ಅಜ್ಜ ಕೈಯಿಂದ ತಿರುಗಿಸುತ್ತಿದ್ದರು. ರೆಕ್ಕೆ ಅಡ್ಡ ಬಂದಾಗ ದನಿ ತಗ್ಗುತ್ತಿತ್ತು, ಸರಿದಾಗ ಉಬ್ಬುತ್ತಿತ್ತು. ಒಂದು ಸಲ ತಿರುಗಿಸಿ, ಒಂದು ಉಸಿರು ಬಿಟ್ಟು, ಇನ್ನೊಂದು ಸಲ ತಿರುಗಿಸಿ ಕೇಳುತ್ತಿದ್ದರು: "ಮೊದಲ್ನೇದು ಚುರುಕೋ, ಎರಡನೇದೋ?" ಹತ್ತರಲ್ಲಿ ಎರಡು ಪಾಲು ವ್ಯತ್ಯಾಸವಿದ್ದರೆ ಎಂಥವರೂ ಹೇಳುತ್ತಾರೆ. ಹತ್ತರಲ್ಲಿ ಒಂದು ಪಾಲು ಹಿಡಿಯಲು ವರ್ಷ ಬೇಕು. ಅದಕ್ಕಿಂತ ಕೆಳಕ್ಕೆ ಮನುಷ್ಯರ ಕಿವಿ ಇಳಿಯುವುದು ಅಪರೂಪ. ನನ್ನದು ಇಳಿಯಿತು. ಹದಿನಾರರಲ್ಲಿ ಒಂದು ಪಾಲು ಜಾರಿದರೂ ನಾನು ಹಿಡಿಯುತ್ತಿದ್ದೆ. ಅಜ್ಜ ನನ್ನ ತಲೆ ಸವರಿ, ಈ ಕಿವಿ ಊರಿಗೆ ಸಿಕ್ಕಿದ್ದು ಪುಣ್ಯ ಅಂದರು.

ಮಾರನೇ ದಿನವೇ ಅವರು ನನ್ನ ಸೊಕ್ಕಿಳಿಸಿದರು. ಬೆಳಿಗ್ಗೆ ಕೊಡದ ಮುಂದೆ ಕೂರಿಸಿ ಚಕ್ರ ತಿರುಗಿಸಲು ಹತ್ತಿದವರು ಮಧ್ಯಾಹ್ನದವರೆಗೂ ನಿಲ್ಲಿಸಲಿಲ್ಲ. ಆಗಾಗ ಕೇಳುತ್ತಿದ್ದರು, "ನಡೆ ಹೆಂಗಿದೆ?" "ಹಂಗೇ ಇದೆ ಅಜ್ಜ," ಅನ್ನುತ್ತಿದ್ದೆ. ಹತ್ತು ಸಲ ಕೇಳಿದರು, ಹತ್ತು ಸಲವೂ ಹಂಗೇ ಇದೆ ಅಂದೆ. ಆಮೇಲೆ ಕೈ ನಿಲ್ಲಿಸದೆ, "ಹೋಗಿ ಒಂದು ಚೆಂಬು ನೀರು ತಗೊಂಬಾ" ಅಂದರು. ಹೋಗಿ ಬಂದೆ. ಬಾಗಿಲಲ್ಲಿ ಕಾಲಿಟ್ಟವಳ ಕೈಯಿಂದ ಚೆಂಬು ಜಾರಿ ಬಿತ್ತು. ಚಕ್ರ ಬೆಳಗಿನ ಅರ್ಧ ವೇಗಕ್ಕೆ ಬಂದಿತ್ತು. ಅಜ್ಜ ನಗಲಿಲ್ಲ. "ನಾನು ಒಂದು ಗಳಿಗೆಯೂ ಸುಮ್ಮನಿರಲಿಲ್ಲ ಕಣವ್ವ, ಇಳಿಸ್ತಾನೇ ಇದ್ದೆ. ನೀನು ಎದುರಿಗೇ ಕೂತಿದ್ದೆ. ನಿನ್ನ ಕಿವೀದೇನೂ ತಪ್ಪಿಲ್ಲ. ಕಿವಿ ಇರೋದೇ ಹಂಗೆ. ಜೊತೇಲೇ ಇದ್ರೆ ಅದೂ ಜೊತೇಲೇ ಇಳಿಯುತ್ತೆ," ಅಂದರು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಗೊತ್ತಿರಲಿಲ್ಲ ಎಂದು ನೀವು ಅಂದುಕೊಳ್ಳಬಾರದು. ಹದಿನಾಲ್ಕನೇ ವಯಸ್ಸಿಗೇ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಮುದ್ದಿಯನ್ನು ನಾನೇ ಸಾಕಿದವಳು. ಅವಳಿಗೆ ಮದುವೆ ಮಾಡಿದ್ದೂ ನಾನೇ. ಗಂಡ ಹೊಳೆಯಾಚೆ ಇನ್ನೊಬ್ಬಳನ್ನು ಕಟ್ಟಿಕೊಂಡು ಅಲ್ಲೇ ಉಳಿದಾಗ ಅವಳು ಅತ್ತದ್ದು ಒಂದೇ ದಿನ. ಎರಡನೇ ದಿನ ಮುತ್ತುಗದ ಎಲೆ ತರಿಸಿ, ಕಡ್ಡಿ ಸೀಳಿಕೊಂಡು, ಊಟದೆಲೆ ಹಚ್ಚಲು ಕೂತಳು. ದಿನಕ್ಕೆ ಇನ್ನೂರು ಎಲೆ ಹಚ್ಚುವ ಕೈ, ಅದಕ್ಕೆ ಎರಡರಷ್ಟು ಆಡುವ ಬಾಯಿ. ಅವಳಿದ್ದ ಮೆಟ್ಟಿಲೋಣಿಯ ಹೆಂಗಸರು ಎಲೆಗಿಂತ ಅವಳ ಮಾತಿಗೇ ಬರುತ್ತಿದ್ದರು. ಆ ಓಣಿಯ ಸರದಿ ನನ್ನ ಜೊತೆಯ ಕಿವಿಯವನಾದ ಭದ್ರಣ್ಣನದು. ನನಗಿಂತ ಏಳೆಂಟು ವರ್ಷ ದೊಡ್ಡವನು, ನಿಧಾನಸ್ಥ, ಕಟ್ಟುಪಾಡು ಮೀರಿದವನಲ್ಲ.

ಮೂರು ವರ್ಷದ ಹಿಂದೆ ಭದ್ರಣ್ಣ ಹತ್ತಿಯ ಕೋಣೆಗೆ ಬಂದು, "ದೇವೀರಮ್ಮ, ನಿನ್ನ ತಂಗಿ ಕೊಡ ಜಾರಿದೆ. ಸ್ವಲ್ಪವೇ. ಇವತ್ತೇ ಗುಡ್ಡಕ್ಕೆ ಕಳಿಸಿದ್ದೀನಿ," ಅಂದ. ಹದಿಮೂರನೇ ದಿನ ಮುದ್ದಿ ಕೆಂಪಗೆ ಕಳೆಕಳೆಯಾಗಿ ಗುಡ್ಡ ಇಳಿದು ಬಂದಳು. ಬಿಡಾರದ ಗಂಜಿಗೆ ಉಪ್ಪೇ ಇಲ್ಲವೆಂದು ಇಡೀ ಓಣಿಗೆ ನಟಿಸಿ ತೋರಿಸಿ ನಗಿಸಿದಳು. ಎಲ್ಲರೂ ಮರೆತರು. ನಾನು ಮರೆಯಲಿಲ್ಲ. ಭದ್ರಣ್ಣ ಆ ದಿನ ಹುಷಾರಾಗಿದ್ದ, ಸರಿ. ಮುಂದಿನ ಸಲ? ಅವನಿಗೂ ವಯಸ್ಸಾಗುತ್ತಿತ್ತು. ಸರದಿಯಲ್ಲಿ ನಡುನಡುವೆ ಮೆಟ್ಟಿಲ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುವುದನ್ನು ನಾನೇ ಕಂಡಿದ್ದೆ. ನನ್ನ ಹದಿನಾರರ ಕಿವಿ ಬೇರೆಯವರ ಮನೆಗೆ ಹೋಗಬೇಕು, ನನ್ನ ತಂಗಿಗೆ ಅವನ ಹತ್ತರ ಕಿವಿ ಸಿಗಬೇಕು ಅನ್ನುವುದು ಯಾವ ನ್ಯಾಯ ಅನ್ನಿಸತೊಡಗಿತು. ಈ ಯೋಚನೆ ಹೊಕ್ಕ ಮೇಲೆ ನನಗೆ ಅನ್ನ ಸೇರಲಿಲ್ಲ.

ಒಂದು ದಿನ ಅವನನ್ನು ಕೇಳಿಯೇಬಿಟ್ಟೆ. ನನ್ನ ಓಣಿಗಳಲ್ಲಿ ಒಂದು ಸಮತಟ್ಟು, ಹತ್ತುವುದು ಇಳಿಯುವುದು ಇಲ್ಲ. ಅದನ್ನು ನೀನು ತಗೋ, ಮೆಟ್ಟಿಲೋಣಿ ನನಗೆ ಕೊಡು ಅಂದೆ. ಭದ್ರಣ್ಣ ಬಹಳ ಹೊತ್ತು ಮಂಡಿ ನೋಡಿಕೊಂಡ.

"ಕಟ್ಟುಪಾಡು ನಿಂಗೆ ಗೊತ್ತಿಲ್ವಾ ದೇವೀರಮ್ಮ?"

"ನಲವತ್ತು ದಿನಕ್ಕೊಂದೇ ಸಲ ಹೋಗ್ತೀನಿ. ಎಲ್ಲರ ಮನೇಗೆ ಹೋದಂಗೆ ಅಲ್ಲಿಗೂ ಹೋಗ್ತೀನಿ. ಒಂದಿನ ಹೆಚ್ಚೂ ಇಲ್ಲ, ಕಡಿಮೇನೂ ಇಲ್ಲ."

"ನಿನ್ನ ಕೈಲಿ ಆಗುತ್ತಾ?"

"ಯಾಕಾಗಲ್ಲ?"

ಅವನು ತಲೆಯಾಡಿಸಿದ. ಬೇಡವೆಂದೋ ಆಯಿತೆಂದೋ ಆಗ ತಿಳಿಯಲಿಲ್ಲ. ಮುಂದಿನ ಸರದಿಗೆ ಅವನು ಸಮತಟ್ಟಿನ ಓಣಿಯ ಕಡೆ ನಡೆದ. ನಾವಿಬ್ಬರೂ ಯಾರಿಗೂ ಹೇಳಲಿಲ್ಲ.

ಮೊದಲ ಎರಡು ಸರದಿ ಮಾತಿಗೆ ತಪ್ಪಲಿಲ್ಲ. ಕಿವಿ ತೊಳೆದುಕೊಂಡು ಹೋದೆ, ಕೇಳಿದೆ, ನಡೆ ನೆಟ್ಟಗಿತ್ತು, ಬಂದೆ. ಆದರೆ ಬಂದ ಮೇಲಿನ ನಲವತ್ತು ದಿನ ಇದೆಯಲ್ಲ, ಅದನ್ನು ಹೇಗೆ ಕಳೆಯುವುದೆಂದು ಯಾವ ಅಜ್ಜನೂ ಕಲಿಸಿರಲಿಲ್ಲ. ಮುದ್ದಿ ಒಂದು ಸಲ ಕೆಮ್ಮಿದಳೆಂದು ಯಾರೋ ಹೇಳಿದರೆ ಮೆಟ್ಟಿಲೋಣಿಯ ಬುಡದವರೆಗೆ ಹೋಗಿ ಮರಳುತ್ತಿದ್ದೆ. ಇಪ್ಪತ್ತನೇ ದಿನ ಹುರುಳಿ ಬಸ್ಸಾರು ಮಾಡಿದ್ದೀನಿ ಎಂದು ಪಾತ್ರೆ ಹಿಡಿದು ಹೋದೆ. ಕೊಡ ನೆಟ್ಟಗಿತ್ತು. ಆ ದಿನ ಬಂದ ನಿದ್ದೆ ವರ್ಷದಲ್ಲಿ ಬಂದಿರಲಿಲ್ಲ. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಎರಡು ದಿನಕ್ಕೊಮ್ಮೆ. ಬಾಯಿ ಚಟದವರು ಚೂರು ತಂಬಾಕು ಇಲ್ಲದೆ ಹೇಗೆ ಚಡಪಡಿಸುತ್ತಾರೋ ನಾನು ಹಾಗೆ ಅವಳ ಕೊಡದ ಸದ್ದಿಲ್ಲದೆ ಚಡಪಡಿಸುತ್ತಿದ್ದೆ. ಕೊನೆಗೆ ನನ್ನ ಮನೆಯ ಹೆಂಚು ಒಡೆದಿದೆ, ಹೊದಿಸುವವನು ಸಿಗುತ್ತಿಲ್ಲ ಎಂದು ನೆವ ಹೇಳಿ, ಚಾಪೆ ಸುತ್ತಿಕೊಂಡು ಬಂದು ಅವಳ ಮನೆಯಲ್ಲೇ ಉಳಿದೆ.

ಮುದ್ದಿಗೆ ಏನೂ ತಿಳಿಯದೆ ಇರಲಿಲ್ಲ. ಎಲೆ ಹಚ್ಚುತ್ತ, ಬಾಯಲ್ಲಿ ಕಡ್ಡಿ ಕಚ್ಚಿಕೊಂಡೇ ಅನ್ನುತ್ತಿದ್ದಳು, "ಅಕ್ಕಯ್ಯ, ನೀನು ನನ್ನ ಮಾತಾಡ್ಸೋಕೆ ಬಂದಿದ್ದೀಯೋ, ನನ್ನ ಕೊಡ ಮಾತಾಡ್ಸೋಕೆ ಬಂದಿದ್ದೀಯೋ? ಮುಖ ಮೇಲಕ್ಕೆ ಮಾಡ್ಕೊಂಡೇ ಉಣ್ತೀಯಲ್ಲ, ತುತ್ತು ಮೂಗಿಗೆ ಹೋದೀತು."

ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಕಿವಿ ಬಿಡುತ್ತಿದ್ದೆ. ನಿನ್ನೆಯಂತೆಯೇ ಇದೆ. ಸಂಜೆ ದೀಪ ಹಚ್ಚುವಾಗ ಕೇಳುತ್ತಿದ್ದೆ. ಬೆಳಗಿನಂತೆಯೇ ಇದೆ. ಇಷ್ಟು ಕಾವಲಿನಲ್ಲಿ ಇನ್ನೊಬ್ಬರ ಕೊಡ ಈ ಊರಿನಲ್ಲಿ ಎಂದೂ ಇದ್ದಿರಲಾರದು. ನನಗೆ ನೆಮ್ಮದಿಯಾಗಿತ್ತು. ಆ ಎರಡು ವರ್ಷ ನಾನು ಸುಖವಾಗಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಸುಖವಾಗಿದ್ದೆ.

ಎರಡನೇ ವರ್ಷದ ನಡುವೆ ಮುದ್ದಿ ಎಲೆ ಹಚ್ಚುವುದು ಕಡಿಮೆಯಾಯಿತು. ಇನ್ನೂರು ಹೋಗಿ ನೂರೈವತ್ತು, ಆಮೇಲೆ ನೂರು. ಎಲೆ ಈ ಸಲ ಒರಟು, ಕಡ್ಡಿ ಸೀಳುತ್ತಿಲ್ಲ ಅಂದಳು. ಮಧ್ಯಾಹ್ನ ಗೋಡೆಗೊರಗಿ ಕಣ್ಣು ಮುಚ್ಚುವುದು ಶುರುವಾಯಿತು. ಮೆಟ್ಟಿಲ ಕೆಳಗಿನ ನಲ್ಲಿಗೆ ಹೋಗಿ ಬರುವುದನ್ನು ಪಕ್ಕದ ಮನೆಯ ಸೀಗಮ್ಮನಿಗೆ ಒಪ್ಪಿಸಿದಳು. ಒಂದು ದಿನ ಉಣ್ಣುವಾಗ ತಟ್ಟೆ ಸರಿಸಿ ಹೇಳಿದಳು, "ಅಕ್ಕಯ್ಯ, ನಂಗ್ಯಾಕೋ ಬಲು ಸುಸ್ತು ಕಣೇ. ಮೈಯೊಳಗೆ ಏನೋ ನಿಂತೋಗ್ತಾ ಇದ್ದಂಗಿದೆ."

ನಾನು ಅವಳ ಮುಖ ನೋಡಲಿಲ್ಲ. ತೊಲೆ ನೋಡಿದೆ. ಕಿವಿಗೊಟ್ಟು ಕೇಳಿದೆ. ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು.

"ಕೊಡ ನೆಟ್ಟಗಿದೆ. ಏನೂ ಆಗಿಲ್ಲ. ವಯಸ್ಸು ನಲವತ್ತಾಯ್ತಲ್ಲ, ಸುಸ್ತಾಗ್ದೇ ಇರುತ್ತಾ? ಉಣ್ಣು," ಅಂದೆ.

"ಹೂಂ," ಅಂದಳು. ತಟ್ಟೆ ಎಳೆದುಕೊಂಡಳು. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ. ತನ್ನ ಮೈ ಹೇಳಿದ್ದಕ್ಕಿಂತ ನನ್ನ ಕಿವಿ ಹೇಳಿದ್ದು ದೊಡ್ಡದೆಂದು ಸುಮ್ಮನಾದಳು. ಆಮೇಲೆಯೂ ಎರಡು ಮೂರು ಸಲ ಅಂದಳು. ನಾನೂ ಎರಡು ಮೂರು ಸಲ ಅದನ್ನೇ ಅಂದೆ. ಕೊನೆಗೆ ಹೇಳುವುದನ್ನು ಬಿಟ್ಟಳು.

ಆ ಹೊತ್ತಿನಲ್ಲೇ ನನ್ನ ಸರದಿಯ ಇನ್ನೊಂದು ಓಣಿಯಲ್ಲಿ ಕುಲುಮೆಯ ವೀರಾಚಾರಿಯ ಕೊಡ ಜಾರಿದ್ದನ್ನು ಹಿಡಿದೆ. ನಲವತ್ತು ದಿನದ ಕೆಳಗೆ ಕೇಳಿದ್ದು ಕಿವಿಯಲ್ಲಿ ಅಚ್ಚೊತ್ತಿದಂತಿತ್ತು. ಒಳಗೆ ಕಾಲಿಡುತ್ತಲೇ ಗೊತ್ತಾಯಿತು. ತೀರ ಸಣ್ಣ ಜಾರು, ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ಆಚಾರಿಗೆ ಹಿಂದೆ ಮುಂದೆ ಯಾರೂ ಇಲ್ಲ. ಅಂಥವರ ಜೊತೆ ಕಿವಿಯವರೇ ಗುಡ್ಡಕ್ಕೆ ಹೋಗಿ ನಡೆ ಮರಳುವವರೆಗೆ ಇರಬೇಕು. ಬೇರೆ ದಾರಿಯಿರಲಿಲ್ಲ. ಹೊರಡುವಾಗ ಮುದ್ದಿ ಗೋಡೆಗೊರಗಿ ಕೂತಿದ್ದಳು. "ಬಿಡಾರಕ್ಕೆ ಒಂದು ಪೊಟ್ಟಣ ಉಪ್ಪು ತಗೊಂಡೋಗು," ಅಂದು ನಕ್ಕಳು. ನಗು ಮುಗಿಸುವಷ್ಟರಲ್ಲಿ ಉಸಿರು ಕಟ್ಟಿತು ಅನ್ನುವುದು ಈಗ ನೆನಪಾಗುತ್ತದೆ.

ಗುಡ್ಡದ ಮೇಲೆ ಹನ್ನೊಂದು ದಿನ. ಅಲ್ಲಿ ಗಾಳಿ, ಕಲ್ಲು, ಆಚಾರಿಯ ಒಂದು ಕೊಡ. ಅವನ ನಡೆ ದಿನದಿನಕ್ಕೆ ಮರಳಿತು. ಹನ್ನೆರಡನೇ ದಿನ ಅವನನ್ನು ಕುಲುಮೆಯ ಮುಂದೆ ಬಿಟ್ಟು, ಗೆದ್ದವಳ ಹಾಗೆ ಮೆಟ್ಟಿಲೋಣಿ ಹತ್ತಿದೆ. ನಡುಹಗಲು. ಸೀಗಮ್ಮ ಬಾಗಿಲಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು, ಬಂದ್ಯಾ ದೇವೀರಕ್ಕ ಅಂದಳು. ನಾನು ಹೂಂಗುಟ್ಟಿ ಹೊಸ್ತಿಲು ದಾಟಿದೆ.

ದಾಟಿದವಳು ತಪ್ಪಿ ಬೇರೆ ಮನೆಗೆ ಬಂದೆನೆಂದುಕೊಂಡೆ. ಒಳಗೆ ಯಾವುದೋ ಮುದುಕರ ಕೊಡ ಗುಂಯ್‌ಗುಡುತ್ತಿತ್ತು. ಉಬ್ಬು ಒಂದು ಕಡೆ, ತಗ್ಗು ಒಂದು ಕಡೆ, ನಡುವೆ ಕಾಲು ಚಾಚಿ ಮಲಗುವಷ್ಟು ಜಾಗ. ಹೊರಗೆ ಬಂದು ಬಾಗಿಲು ನೋಡಿದೆ. ಮುತ್ತುಗದ ಎಲೆಯ ಕಟ್ಟು ಒರಗಿಸಿದ ನಮ್ಮದೇ ಬಾಗಿಲು. ಮತ್ತೆ ಒಳಗೆ ಹೋದೆ. ಮುದ್ದಿ ಮಡಿಲಲ್ಲಿ ಮೂರು ಎಲೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಯಾಕಕ್ಕಯ್ಯ, ಹೋದೆ ಬಂದೆ?"

"ಈ ಕೊಡ ಯಾರ್ದು?" ಅಂದೆ.

ನಾನು ಕೇಳಿದ ರೀತಿಗೇ ಅವಳಿಗೆ ಎಲ್ಲ ತಿಳಿದುಹೋಯಿತು. ಎಲೆ ಪಕ್ಕಕ್ಕಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು.

ಭದ್ರಣ್ಣನನ್ನು ನಾನೇ ಓಡಿಹೋಗಿ ಕರೆತಂದೆ. ಹನ್ನೊಂದು ದಿನದಲ್ಲಿ ಹೀಗಾಗಿದೆ, ಹನ್ನೊಂದೇ ದಿನ, ನಾನಿಲ್ಲದಾಗ ಏನೋ ಆಗಿದೆ ಎಂದು ದಾರಿಯುದ್ದಕ್ಕೂ ಒದರುತ್ತಿದ್ದೆ. ಅವನು ಮಂಡಿ ಹಿಡಿದು ಮೆಟ್ಟಿಲು ಹತ್ತಿ, ಹೊಸ್ತಿಲ ಹೊರಗೇ ನಿಂತು ಕೇಳಿದ. ಎರಡು ವರ್ಷದ ಮೇಲೆ ಅವನು ಆ ಕೊಡ ಕೇಳಿದ್ದು ಅಂದೇ. ಕೇಳುತ್ತ ಕೇಳುತ್ತ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ.

"ಇದು ಹನ್ನೊಂದು ದಿನದ್ದಲ್ಲ ದೇವೀರಮ್ಮ. ಗಾಡಿ ಇಳಿಜಾರಿಗೆ ಬಿದ್ದಂಗೆ ಒಂದೇ ಸಲ ಇಳಿಯೋದಲ್ಲ ಇದು, ನಿಂಗೂ ಗೊತ್ತು. ವರ್ಷದ ಮೇಲಾಗಿದೆ. ಆ ವರ್ಷ ನೀನು ಎಲ್ಲಿದ್ದೆ?"

"ಇಲ್ಲೇ ಇದ್ದೆ," ಅಂದೆ.

ಅವನು ನನ್ನ ಕಪಾಳಕ್ಕೆ ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅದರ ಬದಲು, ತಪ್ಪು ನನ್ನದೂ ಇದೆ, ಮಂಡಿ ನೋವಿಗೆ ಒಪ್ಪಿಬಿಟ್ಟೆ ಎಂದು ತಲೆ ಮೇಲೆ ಕೈ ಹೊತ್ತು ಅತ್ತ.

ಗುಡ್ಡ ಒಪ್ಪುವುದಿಲ್ಲವೆಂದು ಭದ್ರಣ್ಣನಿಗೂ ನನಗೂ ಗೊತ್ತಿತ್ತು. ಆದರೂ ಡೋಲಿ ಮಾಡಿಸಿ ಕರೆದೊಯ್ದೆ. ಮುದ್ದಿ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಿಡಾರ ನೋಡಿಕೊಳ್ಳುವ ಮಲ್ಲಾಜಮ್ಮ ಹೊರಗೆ ಬಂದು, ಡೋಲಿಯ ಪಕ್ಕ ಮಂಡಿಯೂರಿ, ಕೊಡದ ಮೇಲೆ ಅಂಗೈ ಇಟ್ಟು ಕೇಳಿದಳು. ಅವಳ ಇನ್ನೊಂದು ಕೈ ತಾನಾಗಿ ಬೆರಳು ಮಡಿಚತೊಡಗಿತು. ಒಂದು, ಎರಡು, ಮೂರು, ನಾಲ್ಕು. ಮಡಿಚುತ್ತಿರುವುದು ಗೊತ್ತಾದ ಕೂಡಲೇ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಮುದ್ದಿಯೂ ನಾನೂ ನೋಡಿದ್ದೆವು.

"ಮನೇಗೆ ಕರ್ಕೊಂಡೋಗವ್ವ. ಮನೇಲಿದ್ರೆ ಅವಳಿಗೂ ಒಳ್ಳೇದು," ಅಂದಳು ಮಲ್ಲಾಜಮ್ಮ.

ಇಳಿಯುವಾಗ ಡೋಲಿಯ ಪಕ್ಕದಲ್ಲಿ ನಡೆಯುತ್ತಿದ್ದೆ. ಅರ್ಧ ದಾರಿಯಲ್ಲಿ ಮುದ್ದಿ ನನ್ನ ಕಡೆ ನೋಡದೆ ಹೇಳಿದಳು, "ನಾನೇ ಹೇಳಿದ್ನಲ್ಲ ಅಕ್ಕಯ್ಯ. ಸುಸ್ತು ಅಂತ ಬಾಯಿ ಬಿಟ್ಟು ಹೇಳಿದೆ. ನೀನು ಮೇಲಕ್ಕೆ ನೋಡ್ದೆ."

ಅವಳು ಬೈಯಲಿಲ್ಲ, ಶಪಿಸಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಡೋಲಿಯಿಂದ ಕೈ ಚಾಚಿ ನನ್ನ ರಟ್ಟೆ ಹಿಡಿದುಕೊಂಡಳು. ಇಳಿಜಾರಿನಲ್ಲಿ ಬೀಳದಿರಲೆಂದು ಹಿಡಿದದ್ದೋ, ಹೊಟ್ಟೆಗೆ ಹಾಕಿಕೊಂಡು ಹಿಡಿದದ್ದೋ ನಾನು ಕೇಳಲಿಲ್ಲ.

ಕೊಡವನ್ನು ಮತ್ತೆ ತೊಲೆಗೆ ಕಟ್ಟಿದೆವು. ಅಂದಿನಿಂದ ಸೀಗಮ್ಮನ ಮನೆಯಿಂದ ಊಟ ಬರತೊಡಗಿತು. ನಾನು ಪಕ್ಕದಲ್ಲಿ ಕೂತೆ. ಕೂತು ಅರ್ಧ ದಿನವಾಗುವಷ್ಟರಲ್ಲಿ ಕಿವಿ ಆ ಹೊಸ ನಡೆಗೆ ಒಗ್ಗಿಹೋಯಿತು. ಕೊಡ ಹಾಗೇ ಇದೆ ಅನ್ನಿಸಿತು. ನೋಡಿ, ಅಷ್ಟಾದ ಮೇಲೂ ಅನ್ನಿಸಿತು. ಮೂರನೇ ದಿನ ಸ್ನಾನಕ್ಕೆಂದು ಹಿತ್ತಲಿಗೆ ಹೋಗಿ, ಅಲ್ಲೇ ಬಾಯಿಗೆ ಸೆರಗು ತುರುಕಿಕೊಂಡು ಬಹಳ ಹೊತ್ತು ಅತ್ತು, ಒಳಗೆ ಬಂದೆ. ಬಾಗಿಲಲ್ಲಿ ಕಾಲಿಟ್ಟಾಗ ನಡೆ ಮತ್ತೆ ಇಳಿದದ್ದು ಕಿವಿಗೆ ಹೊಡೆಯಿತು. ಮುದ್ದಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಷ್ಟು ಇಳೀತು?"

"ಇಳಿದಿಲ್ಲ."

"ನಿನ್ನ ಮುಖ ಹೇಳುತ್ತೆ. ಸುಳ್ಳು ಹೇಳೋಕೂ ಬರಲ್ಲ ನಿಂಗೆ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ಇನ್ನೊಂದ್ಸಲ ಆಚೆ ಹೋಗಬೇಡ ಅಕ್ಕಯ್ಯ. ನೀನು ಹೋಗಿ ಬಂದಾಗೆಲ್ಲ ನಾನು ಸಾಯ್ತೀನಿ. ಇಲ್ಲೇ ಕೂತಿದ್ರೆ ಹಿಂಗೇ ಇರ್ತೀನಿ."

ಆಮೇಲೆ ನಾನು ಆಚೆ ಹೋಗಲಿಲ್ಲ. ಅವಳ ಮಾತು ನಡೆಸಿಕೊಡುವುದು ಒಂದಾದರೂ ನನ್ನಿಂದಾಗಲಿ ಎಂದು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಆರನೇ ದಿನವೋ ಏಳನೇ ದಿನವೋ ಭದ್ರಣ್ಣ ಬಂದು ಹೊರಗೆ ನಿಂತ. ನನ್ನ ಓಣಿಗಳಿಗೆ ನಲವತ್ತು ತುಂಬಿದೆ, ಜನ ಕಾಯುತ್ತಿದ್ದಾರೆ, ಎರಡು ಗಳಿಗೆ ಕಿವಿ ತೊಳೆದುಕೊಂಡು ಬಾ, ಯಾರದಾದರೂ ಜಾರಿದ್ದರೆ ಪಾಪ ಅಂದ. ಕಿವಿ ತೊಳೆದುಕೊಂಡರೆ ಈ ಮನೆಗೆ ಹೇಗೆ ಮರಳಲಿ? ನಾನು ತಿರುಗಿಯೂ ನೋಡಲಿಲ್ಲ. ಅವನು ನನ್ನ ಓಣಿಗಳನ್ನೂ ತಾನೇ ಕೇಳಲು ಹೋದ. ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಗೂ ನರಳುವುದು ಕೇಳಿಸುತ್ತಿತ್ತು.

ಮುದ್ದಿಗೆ ಎದ್ದು ಕೂರಲಾಗದ ಮೇಲೆ ನಾನು ಅವಳ ಎಲೆ ಹಚ್ಚತೊಡಗಿದೆ. ಅವಳು ಮಲಗಿದಲ್ಲಿಂದಲೇ ಹೇಳಿಕೊಡುತ್ತಿದ್ದಳು. "ತೊಟ್ಟು ಒಳಗೆ ಮಾಡು… ಹಂಗಲ್ಲ. ಕಡ್ಡಿ ಉದ್ದ ಆಯ್ತು. ನಿನ್ನ ಎಲೇಲಿ ಸಾರು ಬಡಿಸಿದ್ರೆ ನೆಲವೇ ಉಣ್ಣುತ್ತೆ." ಮಾತಿಗೂ ಮಾತಿಗೂ ನಡುವೆ ಬಿಡುವು ಜಾಸ್ತಿಯಾಗುತ್ತಿತ್ತೇನೋ. ನನಗೆ ತಿಳಿಯುತ್ತಿರಲಿಲ್ಲ. ಎಲ್ಲವೂ ನಿನ್ನೆಯಂತೆಯೇ ಇತ್ತು. ಅವಳ ದನಿ ನಿನ್ನೆಯಷ್ಟೇ, ಕೊಡದ ನಡೆ ನಿನ್ನೆಯದೇ. ಹೀಗೇ ಎಷ್ಟು ವರ್ಷವಾದರೂ ಕೂತಿರಬಹುದು ಅನ್ನಿಸುತ್ತಿತ್ತು.

ಅವತ್ತು ಮಧ್ಯಾಹ್ನ ಬಿಸಿಲು ಹೊಸ್ತಿಲು ದಾಟಿ ಒಂದು ಗೇಣು ಒಳಗೆ ಬಂದಿತ್ತು. ಮುದ್ದಿ ನನ್ನ ತೊಡೆಗೆ ತಾಗಿ ಮಲಗಿದ್ದಳು. ನನ್ನ ಕೈಯಲ್ಲಿ ಅರ್ಧ ಹಚ್ಚಿದ ಎಲೆ. ಕೊಡದ ದನಿ ಮೆಲ್ಲಗೆ ಉಬ್ಬಿ, ಮೆಲ್ಲಗೆ ತಗ್ಗಿ, ಇನ್ನೇನು ಮತ್ತೆ ಉಬ್ಬಬೇಕು. ನಾನು ಆ ಉಬ್ಬಿಗೆ ಕಾಯುತ್ತ ಕಡ್ಡಿ ಚುಚ್ಚಿದೆ. ಎಲೆ ಮುಗಿಸಿದೆ. ಇನ್ನೊಂದನ್ನು ತೆಗೆದುಕೊಂಡೆ. ಕಾಯುವುದು ಅಭ್ಯಾಸವಾಗಿತ್ತು, ಆದ್ದರಿಂದ ಇದು ಹೆಚ್ಚಿನ ಕಾಯುವಿಕೆ ಅನ್ನಿಸಲಿಲ್ಲ.

ಸೀಗಮ್ಮ ಮುದ್ದೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಅವಳದು ಕಿವಿಯವರ ಕಿವಿಯಲ್ಲ, ಹತ್ತರಲ್ಲಿ ಎರಡು ಪಾಲು ಕೂಡ ಹಿಡಿಯದ ಕಿವಿ. ಹೊಸ್ತಿಲಲ್ಲೇ ನಿಂತುಬಿಟ್ಟಳು.

"ದೇವೀರಕ್ಕ," ಅಂದಳು, "ಕೊಡ ಯಾವಾಗ ನಿಂತೋಯ್ತು?"

"ಸುಮ್ನಿರು," ಅಂದೆ. "ಈಗ ಬರುತ್ತೆ."